ಟೇಬಲ್ ರೋಸ್ ಗಿಡಕ್ಕೆ ನೀರೇ ಬೇಡವೇ? ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು

ಬೇಸಿಗೆ ಶುರುವಾಗಿ ಟ್ಯಾಂಕರ್ ನೀರಿನ ದರ ಏರತೊಡಗಿದ ಕೂಡಲೇ ಮೊಬೈಲಿಗೆ ಇಂಥದೊಂದು ಸಂದೇಶ ಬಂದು ಬೀಳುತ್ತದೆ. ಗುಲಾಬಿ, ಹಳದಿ, ಕೇಸರಿ ಹೂಗಳ ಚಾಪೆಯನ್ನೇ ನೆಲಕ್ಕೆ ಹಾಸಿದಂಥ ಚಿತ್ರ. ಅದರ ಕೆಳಗೆ ಬರಹ: "ಲಾನ್ ಕಿತ್ತುಹಾಕಿ, ಈ ಗಿಡ ನೆಡಿ. ಒಮ್ಮೆ ನೆಟ್ಟರೆ ಸಾಕು, ಮತ್ತೆ ನೀರು ಹಾಕುವುದೇ ಬೇಡ. ರಾತ್ರಿಯೂ ಆಮ್ಲಜನಕ ಕೊಡುತ್ತದೆ. ಇದರ ಸೊಪ್ಪು ತಿಂದರೆ ಮೀನೆಣ್ಣೆ ಮಾತ್ರೆ ಬೇಕಿಲ್ಲ, ಕಿಡ್ನಿ ಕಲ್ಲೂ ಕರಗುತ್ತದೆ. ಎಲ್ಲ ಗ್ರೂಪ್‌ಗಳಿಗೂ ಕಳಿಸಿ."

ಕಳಿಸುವ ಮುನ್ನ ಸ್ವಲ್ಪ ತಾಳಿ. ಇದರಲ್ಲಿ ಒಳ್ಳೆಯ ಮಾತೂ ಇದೆ, ಗಿಡವನ್ನು ಸಾಯಿಸುವ ಸಲಹೆಯೂ ಇದೆ. ಕೊನೆಯ ಸಾಲಂತೂ ಕೆಲವರ ಆರೋಗ್ಯಕ್ಕೇ ಕುತ್ತು ತರಬಲ್ಲದು. ಒಂದೊಂದಾಗಿ ಬಿಡಿಸಿ ನೋಡೋಣ.

ಮೊದಲು, ಇದು ಯಾವ ಗಿಡ?

ಚಿತ್ರದಲ್ಲಿರುವುದು ನಮ್ಮ ಕಡೆ ಟೇಬಲ್ ರೋಸ್ ಎಂದು ಕರೆಯುವ ಗಿಡ. ಕೆಲವರಿಗೆ ಇದು ಹತ್ತು ಗಂಟೆ ಹೂ. ಕೇರಳದವರು ಪತ್ತುಮಣಿ ಅನ್ನುತ್ತಾರೆ, ಹಿಂದಿಯವರು ನೌ ಬಜಿಯಾ ಅನ್ನುತ್ತಾರೆ, ಮರಾಠಿಯಲ್ಲಿ ಇದಕ್ಕೆ ಆಫೀಸ್ ಟೈಮ್ ಎಂಬ ಹೆಸರೇ ಇದೆ. ಬಿಸಿಲು ಏರಿದ ಮೇಲೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುವ ಹೂವಿಗೆ ಎಲ್ಲ ಭಾಷೆಯವರೂ ಗಡಿಯಾರ ನೋಡಿಯೇ ಹೆಸರಿಟ್ಟಿದ್ದಾರೆ. ಸಸ್ಯವಿಜ್ಞಾನದಲ್ಲಿ ಇದರ ಹೆಸರು ಪೋರ್ಚುಲಕಾ ಗ್ರಾಂಡಿಫ್ಲೋರಾ. 1829ರಲ್ಲಿ ಬ್ರಿಟನ್ನಿನ ಸಸ್ಯವಿಜ್ಞಾನಿ ವಿಲಿಯಂ ಜಾಕ್ಸನ್ ಹೂಕರ್ ಈ ಹೆಸರನ್ನು ಕೊಟ್ಟರು. ಇದರ ತವರು ದಕ್ಷಿಣ ಅಮೆರಿಕ: ಅರ್ಜೆಂಟೀನಾ, ಉರುಗ್ವೆ ಮತ್ತು ಬ್ರೆಜಿಲ್‌ನ ದಕ್ಷಿಣ ಭಾಗ. ಅಲ್ಲಿಯ ಮರಳು ಮಿಶ್ರಿತ, ನೀರು ನಿಲ್ಲದ, ಬಿಸಿಲು ಬೀಳುವ ಬಯಲಿನಲ್ಲಿ ತಾನಾಗಿ ಬೆಳೆಯುತ್ತದೆ. ಈ ತವರಿನ ಮಾತು ನೆನಪಿನಲ್ಲಿರಲಿ, ಮುಂದೆ ಬೇಕಾಗುತ್ತದೆ.

ಆದರೆ ಸಂದೇಶದ ಕೆಳಗಿನ ಅರ್ಧದಲ್ಲಿ "ಸೊಪ್ಪು ತಿನ್ನಿ" ಎಂದು ಹೇಳಿರುವುದು ಈ ಗಿಡದ ಬಗ್ಗೆ ಅಲ್ಲ. ಅದು ಇದರ ಹತ್ತಿರದ ನೆಂಟ, ನಮ್ಮ ಹೊಲಗದ್ದೆಗಳಲ್ಲಿ ಕಳೆಯಾಗಿ ಹಬ್ಬುವ ಗೋಣಿ ಸೊಪ್ಪಿನ ಸುದ್ದಿ. ದೊಡ್ಡಗೋಣಿ ಸೊಪ್ಪು ಎಂದೂ ಕರೆಯುತ್ತಾರೆ. ಪೋರ್ಚುಲಕಾ ಒಲರೇಸಿಯಾ ಇದರ ವೈಜ್ಞಾನಿಕ ಹೆಸರು. ಫಾರ್ವರ್ಡ್ ಬರೆದವರು ಎರಡು ಗಿಡಗಳನ್ನು ಸೇರಿಸಿ ಒಂದು ಮಾಡಿಬಿಟ್ಟಿದ್ದಾರೆ.

ಬೇರ್ಪಡಿಸುವುದು ಕಷ್ಟವಲ್ಲ. ಎಲೆ ಸೂಜಿಯಂತೆ ಉದ್ದಕ್ಕೆ, ದುಂಡಗೆ ಇದ್ದು ಹೂ ದೊಡ್ಡದಾಗಿದ್ದರೆ ಟೇಬಲ್ ರೋಸ್. ಎಲೆ ಪುಟ್ಟ ಚಮಚದಂತೆ ಚಪ್ಪಟೆಯಾಗಿದ್ದು, ಬೆರಳ ತುದಿಗಿಂತ ಚಿಕ್ಕ ಹಳದಿ ಹೂ ಬಿಟ್ಟರೆ ಗೋಣಿ ಸೊಪ್ಪು. ಗೊಂದಲ ಮಾಡುವುದು ಮೂರನೆಯ ಗಿಡ. ನರ್ಸರಿಗಳಲ್ಲಿ ಬರೀ "ಪೋರ್ಚುಲಕ" ಎಂದು ಮಾರುವ, ಎಲೆ ಚಪ್ಪಟೆ ಇದ್ದು ಹೂ ಮಾತ್ರ ದೊಡ್ಡದಾಗಿ ಬಣ್ಣಬಣ್ಣವಾಗಿರುವ ಜಾತಿ ಅದು. ಅದೂ ಅಂದಕ್ಕೆ ಬೆಳೆಸುವ ಗಿಡವೇ. ನರ್ಸರಿಯವರು ಅಲಂಕಾರದ ಗಿಡಗಳಿಗೆ ಯಾವ ಔಷಧಿ ಹೊಡೆದಿದ್ದಾರೋ ನಮಗೆ ತಿಳಿಯುವುದಿಲ್ಲ. ಆದ್ದರಿಂದ ಕುಂಡದಲ್ಲಿ ಕೊಂಡು ತಂದದ್ದನ್ನು ಪಲ್ಯಕ್ಕೆ ಹಾಕಬೇಡಿ.

"ನೀರೇ ಬೇಡ" ಎಂಬ ಮಾತು

ಇದು ಅರ್ಧ ಸತ್ಯ. ಆ ಅರ್ಧ ಸತ್ಯದ ಹಿಂದೆ ಸೊಗಸಾದ ವಿಜ್ಞಾನವಿದೆ.

ಎಲೆಗಳ ಮೇಲೆ ಕಣ್ಣಿಗೆ ಕಾಣದಷ್ಟು ಚಿಕ್ಕ ಬಾಯಿಗಳಿರುತ್ತವೆ. ಅವೇ ಪತ್ರರಂಧ್ರಗಳು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಒಳಗೆ ಬರಬೇಕಾದರೆ ಗಿಡ ಈ ಬಾಯಿ ತೆರೆಯಲೇಬೇಕು. ತೆರೆದರೆ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಮನೆಯ ಕಿಟಕಿಯನ್ನೆಲ್ಲ ತೆರೆದಿಟ್ಟ ಹಾಗೆ. ಹೆಚ್ಚಿನ ಗಿಡಗಳಿಗೆ ಬೇರೆ ದಾರಿಯಿಲ್ಲ, ಅದಕ್ಕೇ ಬೇಸಿಗೆಯಲ್ಲಿ ಲಾನ್ ಅಷ್ಟು ನೀರು ಕುಡಿಯುತ್ತದೆ.

ಪೋರ್ಚುಲಕಾ ಗಿಡಗಳು ಇಲ್ಲಿ ಜಾಣತನ ತೋರುತ್ತವೆ. ನೀರಿದ್ದಾಗ ಮೆಕ್ಕೆಜೋಳ, ಕಬ್ಬಿನಂತೆ ಸಿ4 ಎಂಬ ವಿಧಾನದಲ್ಲಿ ವೇಗವಾಗಿ ಆಹಾರ ತಯಾರಿಸುತ್ತವೆ. ನೀರು ಕಡಿಮೆಯಾದಾಗ ಅದರ ಜೊತೆಗೆ ಕಳ್ಳಿ, ಅನಾನಸ್‌ಗಳ ಸಿಎಎಂ ವಿಧಾನಕ್ಕೂ ಕೈಹಾಕುತ್ತವೆ. ಹಗಲು ಬಾಯಿ ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆದು ಇಂಗಾಲವನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಮರುದಿನ ಬಾಗಿಲು ಮುಚ್ಚಿಯೇ ಅಡುಗೆ ಮಾಡುತ್ತವೆ. ಗೋಣಿ ಸೊಪ್ಪಿನಲ್ಲಿ ಈ ಎರಡೂ ಕೆಲಸ ಒಂದೇ ಜೀವಕೋಶದೊಳಗೆ ಹೆಣೆದುಕೊಂಡು ನಡೆಯುತ್ತವೆ ಎಂಬುದನ್ನು 2022ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಬರಗಾಲದ ದಿನ ಬೆಳಗಿನ ಜಾವ ಕಿತ್ತ ಗೋಣಿ ಸೊಪ್ಪು ಸಂಜೆ ಕಿತ್ತದ್ದಕ್ಕಿಂತ ಹುಳಿಯಾಗಿರುವುದಕ್ಕೆ ಕಾರಣ ರಾತ್ರಿ ಕೂಡಿಟ್ಟ ಇದೇ ಆಮ್ಲ. ಹಗಲಾದಂತೆ ಅದು ಖರ್ಚಾಗಿ ಹುಳಿ ಇಳಿಯುತ್ತದೆ.

ಇಲ್ಲಿ ಫಾರ್ವರ್ಡ್ ನುಂಗಿಹಾಕಿದ ಒಂದು ವಿಷಯವಿದೆ. ಈ ರಾತ್ರಿಪಾಳಿ ಗಿಡದ ಆಪತ್ಕಾಲದ ವ್ಯವಸ್ಥೆ. ಆ ಸ್ಥಿತಿಯಲ್ಲಿ ಗಿಡ ಬದುಕಿರುತ್ತದೆ, ಆದರೆ ಬೆಳವಣಿಗೆ ಕುಂಟುತ್ತದೆ, ಹೂ ಕಡಿಮೆಯಾಗುತ್ತದೆ. ಎಲೆಯಲ್ಲಿ ಕೂಡಿಟ್ಟ ನೀರು ಮುಗಿದರೆ ಅದೂ ಸಾಯುತ್ತದೆ. ಚಿತ್ರದಲ್ಲಿ ಕಂಡ ಹೂವಿನ ಚಾಪೆ ಬೇಕಿದ್ದರೆ ನೀರು ಬೇಕೇ ಬೇಕು, ಲಾನ್‌ಗಿಂತ ಬಹಳ ಕಡಿಮೆ ಅಷ್ಟೇ.

ಎಷ್ಟು ಕಡಿಮೆ? ಒಂದು ಸರಳ ಲೆಕ್ಕ ಹಾಕೋಣ. ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ನೀರು ನಿಲ್ಲಿಸಿದರೆ ಅದು ಸರಿಯಾಗಿ 1 ಲೀಟರ್. ಬೇಸಿಗೆಯಲ್ಲಿ ಲಾನ್‌ಗೆ ದಿನಕ್ಕೆ 5 ಮಿಲಿಮೀಟರ್ ಬೇಕೆಂದು ಹಿಡಿದರೆ, 10 ಅಡಿಗೆ 10 ಅಡಿ ಜಾಗಕ್ಕೆ, ಅಂದರೆ ಸುಮಾರು 9 ಚದರ ಮೀಟರ್‌ಗೆ, ದಿನಕ್ಕೆ 45 ಲೀಟರ್, ವಾರಕ್ಕೆ 315 ಲೀಟರ್. ಅದೇ ಜಾಗದಲ್ಲಿ ಬೇರೂರಿದ ಟೇಬಲ್ ರೋಸ್‌ಗೆ ವಾರಕ್ಕೆ ಎರಡು ಸಲ, ಚದರ ಮೀಟರ್‌ಗೆ 5 ಲೀಟರ್‌ನಂತೆ ಕೊಟ್ಟರೂ 90 ಲೀಟರ್ ಆಯಿತು. ಮಣ್ಣು, ಗಾಳಿ, ಊರು ಬದಲಾದಂತೆ ಅಂಕಿ ಹಿಂದೆಮುಂದೆ ಆಗುತ್ತದೆ, ಆದರೆ ಅಂತರ ದೊಡ್ಡದೇ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ವಾಹನ ತೊಳೆಯಲಿಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದಾಗ ಕಂಗಾಲಾದವರಿಗೆ ಈ ಅಂತರದ ಬೆಲೆ ಗೊತ್ತು. ತರಕಾರಿ, ಅಕ್ಕಿ ತೊಳೆದ ನೀರಲ್ಲೇ ಒಂದು ಪುಟ್ಟ ಪಾತಿಯ ಟೇಬಲ್ ರೋಸ್ ಬೇಸಿಗೆ ದಾಟುತ್ತದೆ.

ಇನ್ನೊಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇವೆ. ಇದು ಲಾನ್‌ನ ಹಾಗೆ ತುಳಿಯುವ ಹಾಸಲ್ಲ. ಕಾಂಡದಲ್ಲಿ ಬರೀ ನೀರು, ಕಾಲಿಟ್ಟರೆ ಪಚಕ್ಕನೆ ಒಡೆಯುತ್ತದೆ. ಮಕ್ಕಳು ಆಡುವ ಜಾಗ ಬೇಕಿದ್ದರೆ ಇದನ್ನು ಹಾಕಬೇಡಿ. ಕಾಂಪೌಂಡ್ ಪಕ್ಕದ ಪಟ್ಟಿ, ಮೆಟ್ಟಿಲ ಬದಿ, ಕಲ್ಲುಹಾಸಿನ ಸಂದು, ತಾರಸಿಯ ಅಂಚು ಇದಕ್ಕೆ ಹೇಳಿಮಾಡಿಸಿದ ಜಾಗ.

ರಾತ್ರಿ ಆಮ್ಲಜನಕ

ಟೇಬಲ್ ರೋಸ್, ಜೇಡ್, ಸ್ನೇಕ್ ಪ್ಲಾಂಟ್ ಹೀಗೆ ಎಲ್ಲ ರಸಭರಿತ ಗಿಡಗಳ ಹೆಸರಿನಲ್ಲೂ ಈ ಮಾತು ಓಡಾಡುತ್ತಿದೆ. ಮೇಲೆ ಹೇಳಿದ ರಾತ್ರಿಪಾಳಿಯನ್ನು ಯಾರೋ ತಪ್ಪಾಗಿ ಅರ್ಥ ಮಾಡಿಕೊಂಡಿದ್ದರ ಫಲ ಇದು. ಈ ಗಿಡಗಳು ರಾತ್ರಿ ಇಂಗಾಲದ ಡೈಆಕ್ಸೈಡ್ ಒಳಗೆ ಎಳೆದುಕೊಳ್ಳಬಲ್ಲವು ಎಂಬುದು ನಿಜ. ಆದರೆ ಆಮ್ಲಜನಕ ಹುಟ್ಟುವುದು ಬೆಳಕಿನ ಶಕ್ತಿಯಿಂದ ನೀರಿನ ಅಣು ಒಡೆದಾಗ. ಬೆಳಕಿಲ್ಲದೆ ಆ ಕೆಲಸ ನಡೆಯುವುದಿಲ್ಲ. ಕತ್ತಲಲ್ಲಿ ಎಲ್ಲ ಗಿಡಗಳಂತೆ ಇವೂ ಉಸಿರಾಡುತ್ತವೆ, ತುಸು ಆಮ್ಲಜನಕವನ್ನು ಬಳಸಿಕೊಳ್ಳುತ್ತವೆ. ಹಾಸಿಗೆಯ ಪಕ್ಕ ಕುಂಡ ಇಟ್ಟರೆ ಲಾಭವೂ ಇಲ್ಲ, ಹೆದರುವಂಥ ನಷ್ಟವೂ ಇಲ್ಲ. ಟೇಬಲ್ ರೋಸ್ ಮಾತ್ರ ಮಲಗುವ ಕೋಣೆಯಲ್ಲಿ ಬಿಸಿಲಿಲ್ಲದೆ ಸೊರಗುತ್ತದೆ.

ನೆಡುವ ಬಗೆ

ಬೀಜಕ್ಕಿಂತ ಕಡ್ಡಿಯೇ ಸುಲಭ, ಹಣವೂ ಬೇಕಿಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಒಂದು ಹಿಡಿ ಕೊಡುತ್ತಾರೆ. ಮೂರು, ನಾಲ್ಕು ಇಂಚು ಉದ್ದದ ತುದಿಗಳನ್ನು ಚಿವುಟಿ, ಕೆಳಗಿನ ಒಂದಿಂಚಿನ ಎಲೆ ತೆಗೆದು, ನೆರಳಲ್ಲಿ ಎರಡು ಮೂರು ಗಂಟೆ ಬಿಡಿ. ಗಾಯ ಒಣಗಬೇಕು, ಇಲ್ಲದಿದ್ದರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ. ಆಮೇಲೆ ಒಂದು ಗೇಣಿಗಿಂತ ತುಸು ಕಡಿಮೆ ಅಂತರದಲ್ಲಿ, ಅಂದರೆ 6ರಿಂದ 8 ಇಂಚಿಗೊಂದರಂತೆ, ಮಣ್ಣಿಗೆ ಚುಚ್ಚಿ. ವಾರ, ಹತ್ತು ದಿನದಲ್ಲಿ ಬೇರು ಬರುತ್ತದೆ. ಫೆಬ್ರುವರಿ, ಮಾರ್ಚ್ ಒಳ್ಳೆಯ ಕಾಲ. ಬಿಸಿಲು ಬಲಿಯುವ ಮೊದಲೇ ಬೇರು ಹಿಡಿದಿರುತ್ತದೆ.

ಈ ಹಂತದಲ್ಲಿ "ನೀರು ಬೇಡ" ಎಂಬ ಮಾತು ನಂಬಿದರೆ ಗಿಡ ಕಳೆದುಕೊಳ್ಳುತ್ತೀರಿ. ಬೇರೇ ಇಲ್ಲದ ಕಡ್ಡಿಗೆ ಮೊದಲ ಎರಡು, ಮೂರು ವಾರ ದಿನ ಬಿಟ್ಟು ದಿನ ತೆಳುವಾಗಿ ನೀರು ಚಿಮುಕಿಸಬೇಕು. ಹೊಸ ಚಿಗುರು ಕಂಡ ಮೇಲೆ ನಿಧಾನವಾಗಿ ಅಂತರ ಹೆಚ್ಚಿಸಿ.

ಬೀಜದಿಂದ ಮಾಡುವವರಿಗೆ ಒಂದು ಎಚ್ಚರಿಕೆ. ಬೀಜ ರಾಗಿಗಿಂತಲೂ ಎಷ್ಟೋ ಚಿಕ್ಕದು, ಲೋಹದ ಪುಡಿಯಂತೆ ಬೂದು ಬಣ್ಣಕ್ಕೆ ಹೊಳೆಯುತ್ತದೆ. ಮೊಳೆಯಲು ಬೆಳಕು ಬೇಕು. ಮಣ್ಣು ಮುಚ್ಚಬೇಡಿ, ಮರಳಿನ ಜೊತೆ ಕಲಸಿ ಮೇಲೆ ಉದುರಿಸಿ ಅಂಗೈಯಿಂದ ಒತ್ತಿದರೆ ಸಾಕು.

ಮಣ್ಣು ಹೇಗಿರಬೇಕು? ಆ ತವರಿನ ಮರಳು ಬಯಲನ್ನು ನೆನಪಿಸಿಕೊಳ್ಳಿ. ಎರಡು ಪಾಲು ಕೆಂಪು ಮಣ್ಣಿಗೆ ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಹಳೆಯ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಸಾಕು. ಎಂ ಸ್ಯಾಂಡ್ ಬಳಸುವುದಾದರೆ ಒಮ್ಮೆ ತೊಳೆದು ಬಳಸಿ, ಅದರಲ್ಲಿರುವ ಸಣ್ಣ ಹುಡಿ ಮಣ್ಣನ್ನು ಸಿಮೆಂಟಿನ ಹಾಗೆ ಹಿಡಿದುಬಿಡುತ್ತದೆ. ಗೊಬ್ಬರ ಹೆಚ್ಚು ಹಾಕಿದಷ್ಟೂ ಬರೀ ಎಲೆ, ಹೂ ಇಲ್ಲ. ಹೂ ಚೆನ್ನಾಗಿ ಬರಲಿ ಎಂದು ಯೂರಿಯಾ ಹಾಕುವವರನ್ನು ಕಂಡಿದ್ದೇವೆ. ಅದು ಪೂರ್ತಿ ಉಲ್ಟಾ ಕೆಲಸ.

ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಎರೆಮಣ್ಣಿನವರಿಗೆ ಪಾತಿ ನೆಲಮಟ್ಟದಲ್ಲಿ ಬೇಡ. ಎರೆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಮೇಲೆ ಅರ್ಧ ಅಡಿ ಏರಿಸಿ ಕೆಂಪು ಮಣ್ಣು, ಮರಳಿನ ದಿಂಡು ಮಾಡಿ ನೆಡಿ. ತಾರಸಿಯವರಿಗಂತೂ ಇದು ವರದಾನ. ಬೇರು ಆಳಕ್ಕೆ ಇಳಿಯುವುದಿಲ್ಲ, ನಾಲ್ಕಿಂಚು ಮಣ್ಣಿರುವ ಹಳೆಯ ಟ್ರೇ, ಒಡೆದ ಬಕೆಟ್, ತೂತು ಮಾಡಿದ ಬಾಣಲೆ ಯಾವುದಾದರೂ ಆದೀತು. ತಳದಲ್ಲಿ ತೂತು ಮಾತ್ರ ಇರಲೇಬೇಕು.

ಬಿಸಿಲು ಕನಿಷ್ಠ ಆರು ಗಂಟೆ ನೇರವಾಗಿ ಬೀಳಬೇಕು. "ಗಿಡ ಹಸಿರಾಗಿದೆ, ಮೊಗ್ಗೂ ಇದೆ, ಹೂ ಮಾತ್ರ ಅರಳುವುದಿಲ್ಲ" ಎಂಬ ದೂರು ಬಂದಾಗಲೆಲ್ಲ ನಾವು ಮೊದಲು ಕೇಳುವುದು, ಎದುರು ಮನೆಯವರು ಮಹಡಿ ಏರಿಸಿದರಾ ಎಂದು. ಮೋಡ ಕವಿದ ದಿನ ಸಾಮಾನ್ಯ ತಳಿಗಳು ಅರಳುವುದೇ ಇಲ್ಲ. ಒಂದು ಹೂವಿನ ಆಯಸ್ಸು ಒಂದೇ ದಿನ.

ಬಾಡಿದ ಗಿಡಕ್ಕೆ ನೀರು ಹಾಕುವ ಮುನ್ನ

ಈ ಬರಹದಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಮನೆಗಳಲ್ಲಿ ಟೇಬಲ್ ರೋಸ್ ಬಾಯಾರಿಕೆಯಿಂದ ಸಾಯುವುದು ಅಪರೂಪ, ನೀರು ಹೆಚ್ಚಾಗಿ ಸಾಯುವುದೇ ಹೆಚ್ಚು. ತಮಾಷೆಯೆಂದರೆ ಎರಡೂ ಸಂದರ್ಭದಲ್ಲಿ ಗಿಡ ದೂರದಿಂದ ಬಾಡಿದಂತೆಯೇ ಕಾಣುತ್ತದೆ. ಅಯ್ಯೋ ಬಾಡಿದೆ ಎಂದು ಚೊಂಬು ತುಂಬ ನೀರು ಸುರಿದರೆ, ಕೊಳೆಯುತ್ತಿರುವ ಬೇರು ಎರಡು ದಿನದಲ್ಲಿ ಪೂರ್ತಿ ಮುಗಿಯುತ್ತದೆ.

ಹತ್ತಿರ ಹೋಗಿ ಮುಟ್ಟಿ ನೋಡಿ. ನೀರು ಸಾಲದಿದ್ದರೆ ಎಲೆ ಸುಕ್ಕುಗಟ್ಟಿ ತೆಳ್ಳಗಾಗಿರುತ್ತದೆ, ಹಲವು ಸಲ ಕೆಂಪು ಛಾಯೆ ಬಂದಿರುತ್ತದೆ, ಆದರೆ ಕಾಂಡದ ಬುಡ ಗಟ್ಟಿಯಾಗಿರುತ್ತದೆ. ನೀರು ಹೆಚ್ಚಾಗಿದ್ದರೆ ಎಲೆ ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಉದುರುತ್ತದೆ. ಬುಡ ಕಪ್ಪಾಗಿ ಮೆತ್ತಗಾಗಿರುತ್ತದೆ. ಸಂಶಯವಿದ್ದರೆ ಬೆರಳನ್ನು ಎರಡು ಇಂಚು ಮಣ್ಣಿಗೆ ಇಳಿಸಿ. ತೇವ ತಾಗಿದರೆ ಇವತ್ತು ನೀರಿಲ್ಲ.

ಬುಡ ಕೊಳೆತಿದ್ದರೆ ಔಷಧಿ ಹುಡುಕುತ್ತಾ ಕೂರಬೇಡಿ. ಮೇಲಿನ ಗಟ್ಟಿ ತುದಿಗಳನ್ನು ಕತ್ತರಿಸಿಕೊಂಡು, ಒಣಗಿಸಿ, ಹೊಸ ಮಣ್ಣಿಗೆ ಚುಚ್ಚಿ. ಹಳೆ ಗಿಡ ಹೋಯಿತು, ಆದರೆ ಅದೇ ಗಿಡ ಉಳಿಯಿತು.

ನಾವೂ ಒಮ್ಮೆ ಪೆಟ್ಟು ತಿಂದಿದ್ದೇವೆ. ತೂಕ ಕಡಿಮೆಯಾಗಲಿ ಎಂದು ತಾರಸಿಯ ಟ್ರೇಗಳಿಗೆ ಪೂರ್ತಿ ಕೊಕೊಪೀಟ್ ತುಂಬಿದೆವು. ಏಪ್ರಿಲ್, ಮೇನಲ್ಲಿ ನೋಡಿದವರೆಲ್ಲ ಫೋಟೊ ತೆಗೆದುಕೊಂಡು ಹೋದರು. ಜೂನ್‌ನಲ್ಲಿ ನಾಲ್ಕು ದಿನ ಬಿಡದೆ ಮಳೆ ಹಿಡಿಯಿತು. ಕೊಕೊಪೀಟ್ ಸ್ಪಂಜಿನಂತೆ ನೀರು ಕುಡಿದು ಕೂತಿತು. ಐದನೆಯ ದಿನ ಟ್ರೇಯಲ್ಲಿ ಇದ್ದದ್ದು ಗಂಜಿ. ಕೊಕೊಪೀಟ್ ಬಳಸಬಾರದು ಎಂದಲ್ಲ, ಕಾಲು ಭಾಗ ಮೀರಬಾರದು.

ಸೊಪ್ಪು, ಮೀನೆಣ್ಣೆ, ಕಿಡ್ನಿ ಕಲ್ಲು

ಈಗ ಫಾರ್ವರ್ಡ್‌ನ ಅಪಾಯದ ಸಾಲಿಗೆ ಬರೋಣ. ಗೋಣಿ ಸೊಪ್ಪು ಒಳ್ಳೆಯ ಸೊಪ್ಪು, ಅದರಲ್ಲಿ ಎರಡು ಮಾತಿಲ್ಲ. ಬಸ್ಸಾರಿಗೆ, ಬೇಳೆ ಹಾಕಿದ ಪಲ್ಯಕ್ಕೆ ಬಹಳ ರುಚಿ. ಆಂಧ್ರ, ತೆಲಂಗಾಣದಲ್ಲಿ ಗಂಗವಲ್ಲಿ ಕೂರ ಎಂದು ಪಪ್ಪು ಮಾಡುತ್ತಾರೆ, ಮಹಾರಾಷ್ಟ್ರದಲ್ಲಿ ಘೋಳ್ ಭಾಜಿ.

ಇದರಲ್ಲಿ ಒಮೆಗಾ 3 ಇರುವುದೂ ನಿಜ. 100 ಗ್ರಾಂ ಹಸಿ ಎಲೆಯಲ್ಲಿ 300ರಿಂದ 400 ಮಿಲಿಗ್ರಾಂ ಆಲ್ಫಾ ಲಿನೊಲೆನಿಕ್ ಆಮ್ಲವಿದೆ. ಸೊಪ್ಪುಗಳ ಲೆಕ್ಕದಲ್ಲಿ ಇದು ದೊಡ್ಡ ಅಂಕಿ. ಆದರೆ ಮೀನೆಣ್ಣೆಯಲ್ಲಿ ಮುಖ್ಯವಾಗಿರುವುದು ಇಪಿಎ, ಡಿಎಚ್ಎ ಎಂಬ ಬೇರೆ ಬಗೆಯ ಒಮೆಗಾ 3. ಸಸ್ಯದ ಒಮೆಗಾವನ್ನು ನಮ್ಮ ದೇಹ ಆ ರೂಪಕ್ಕೆ ಬದಲಿಸಿಕೊಳ್ಳುವುದು ತೀರಾ ಸ್ವಲ್ಪ. ಹಾಗಾಗಿ ವೈದ್ಯರು ಬರೆದ ಮಾತ್ರೆ ಬಿಟ್ಟು ಸೊಪ್ಪು ತಿನ್ನುತ್ತೇವೆ ಎನ್ನುವುದು ಸರಿಯಲ್ಲ. ಸಸ್ಯದ ಒಮೆಗಾವೇ ಬೇಕೆಂದರೂ ಒಂದು ದೊಡ್ಡ ಚಮಚ ಅಗಸೆ ಪುಡಿಯಲ್ಲಿ ಇದರ ಮೂರು ನಾಲ್ಕು ಪಟ್ಟು ಸಿಗುತ್ತದೆ.

ಕಿಡ್ನಿ ಕಲ್ಲು ಕರಗುತ್ತದೆ ಎಂಬುದು ಸುಳ್ಳಷ್ಟೇ ಅಲ್ಲ, ನಿಜಕ್ಕೆ ತದ್ವಿರುದ್ಧ. ಕಿಡ್ನಿ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟ್‌ನಿಂದ ಆದವು. ಗೋಣಿ ಸೊಪ್ಪಿನಲ್ಲಿ ಪಾಲಕ್‌ನಂತೆಯೇ ಆಕ್ಸಲೇಟ್ ಬಹಳ ಹೆಚ್ಚು. ದಿನಾ ಹಸಿ ಸೊಪ್ಪಿನ ಜ್ಯೂಸ್ ಕುಡಿದರೆ ಕಲ್ಲಿಗೆ ಕಚ್ಚಾವಸ್ತು ಒದಗಿಸಿದಂತೆ. ಅತಿಯಾಗಿ ತಿಂದು ಮೂತ್ರಪಿಂಡಕ್ಕೇ ಪೆಟ್ಟಾದ ಪ್ರಕರಣಗಳೂ ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಜೊತೆಗೆ ಇದರಲ್ಲಿ ಪೊಟ್ಯಾಸಿಯಂ ಕೂಡ ಜಾಸ್ತಿ. ಈಗಾಗಲೇ ಕಿಡ್ನಿ ತೊಂದರೆ ಇದ್ದು ಪೊಟ್ಯಾಸಿಯಂ ಕಡಿಮೆ ಮಾಡಿ ಎಂದು ವೈದ್ಯರು ಹೇಳಿರುವವರು ಈ ಸೊಪ್ಪಿನಿಂದ ದೂರವಿರುವುದೇ ಲೇಸು. ನಿಮ್ಮ ಕುಟುಂಬದ ಗ್ರೂಪಿನಲ್ಲಿ ಕಲ್ಲಿನ ನೋವು ಅನುಭವಿಸಿದ ದೊಡ್ಡಪ್ಪನೋ ಅತ್ತೆಯೋ ಇದ್ದರೆ ಈ ಒಂದು ಪ್ಯಾರಾವನ್ನು ಕಳಿಸಿ.

ಉಳಿದವರು ವಾರಕ್ಕೊಮ್ಮೆ ಪಲ್ಯ ಮಾಡಿ ತಿನ್ನಲು ಭಯ ಬೇಡ. ನೀರಲ್ಲಿ ಬೇಯಿಸಿ ಆ ನೀರು ಚೆಲ್ಲಿದರೆ ಕರಗುವ ಆಕ್ಸಲೇಟ್‌ನ ಒಂದು ಭಾಗ ಹೋಗುತ್ತದೆ. ಬಸ್ಸಾರಿನವರಿಗೆ ಈ ಮಾತು ಹಿಡಿಸುವುದಿಲ್ಲ, ಬಸಿದ ನೀರೇ ಅಲ್ಲವೇ ಸಾರು! ಅಂಥವರಿಗೆ ಇನ್ನೊಂದು ದಾರಿಯಿದೆ. ಸೊಪ್ಪಿನ ಜೊತೆ ಮೊಸರು ಸೇರಿದರೆ ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ, ದೇಹ ಹೀರಿಕೊಳ್ಳುವುದು ತಗ್ಗುತ್ತದೆ. ಊಟದ ಕೊನೆಗೆ ಮೊಸರನ್ನ ಇದ್ದೇ ಇರುತ್ತದಲ್ಲ.

ಕಿತ್ತು ತರುವಾಗ ಒಂದು ಪರೀಕ್ಷೆ ಮಾಡಿ. ನೆಲಕ್ಕೆ ಅಂಟಿ ಹಬ್ಬುವ ಯೂಫೋರ್ಬಿಯಾ ಜಾತಿಯ ಕಳೆಗಳು ಗೋಣಿ ಸೊಪ್ಪಿನ ನಡುವೆಯೇ ಬೆಳೆಯುತ್ತವೆ. ಕಾಂಡ ಮುರಿದಾಗ ಬಿಳಿ ಹಾಲು ಬಂದರೆ ಅದು ಗೋಣಿ ಸೊಪ್ಪಲ್ಲ, ಎಸೆದು ಕೈ ತೊಳೆಯಿರಿ. ಆ ಹಾಲು ಕಣ್ಣಿಗೆ, ಚರ್ಮಕ್ಕೆ ಉರಿ ತರುತ್ತದೆ. ಗೋಣಿ ಸೊಪ್ಪಿನಲ್ಲಿ ಬರುವುದು ತಿಳಿ ನೀರಿನಂಥ ರಸ, ಎಲೆ ದಪ್ಪ. ನಾಯಿ, ಬೆಕ್ಕು ಸಾಕಿದವರು ಇನ್ನೂ ಒಂದು ವಿಷಯ ತಿಳಿದಿರಲಿ. ಆಕ್ಸಲೇಟ್‌ನಿಂದಾಗಿ ಪೋರ್ಚುಲಕಾ ಗಿಡಗಳು ಅವಕ್ಕೆ ವಿಷಕಾರಿಗಳ ಪಟ್ಟಿಯಲ್ಲಿವೆ. ಮೆಲ್ಲುವ ಚಾಳಿ ಇರುವ ನಾಯಿಮರಿ ಇದ್ದರೆ ಪಾತಿಯನ್ನು ಅದರ ಬಾಯಿಗೆ ಎಟುಕದಲ್ಲಿ ಮಾಡಿ.

ಗೋಣಿ ಸೊಪ್ಪನ್ನೇ ತೋಟದ ಹಾಸಾಗಿ ಬಿಡಬಹುದೇ ಎಂದು ಕೇಳುವವರಿದ್ದಾರೆ. ಬಿಡಬಹುದು, ಆದರೆ ಆಮೇಲೆ ಅದು ನಿಮ್ಮನ್ನು ಬಿಡುವುದಿಲ್ಲ. ಒಂದು ಗಿಡ ಲಕ್ಷಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು, ಆ ಬೀಜ ಮಣ್ಣಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಕಿತ್ತು ಬದಿಗೆ ಎಸೆದ ಗಿಡವೂ ತನ್ನೊಳಗಿನ ನೀರಿನಲ್ಲೇ ಬೀಜ ಬಲಿಸಿಕೊಳ್ಳುತ್ತದೆ. ಕುಂಡದಲ್ಲಿ ಬೆಳೆಸಿ ಸೊಪ್ಪು ತಿನ್ನುವುದು ಜಾಣತನ.

ನೀಲಿ ಟೇಬಲ್ ರೋಸ್ ಬೀಜ

ಆನ್‌ಲೈನ್‌ನಲ್ಲಿ ಕಡುನೀಲಿ ಟೇಬಲ್ ರೋಸ್‌ನ ಫೋಟೊ ಹಾಕಿ ಬೀಜದ ಪೊಟ್ಟಣ ಮಾರುತ್ತಾರೆ. ಕೊಳ್ಳಬೇಡಿ. ಹೆಚ್ಚಿನ ಹೂಗಳ ಕೆಂಪು, ನೀಲಿಗೆ ಆಂಥೋಸಯನಿನ್ ಎಂಬ ಬಣ್ಣದ್ರವ್ಯ ಕಾರಣ. ಟೇಬಲ್ ರೋಸ್‌ನಲ್ಲಿ ಅದಿಲ್ಲ. ಇದರಲ್ಲಿರುವುದು ಬೀಟ್‌ರೂಟ್‌ಗೆ ಬಣ್ಣ ಕೊಡುವ ಬೀಟಲೇನ್. ಅದು ಹಳದಿಯಿಂದ ಹಿಡಿದು ಕೇಸರಿ, ಕೆಂಪು, ನೇರಳೆಗೆಂಪಿನವರೆಗೆ ಹೋಗುತ್ತದೆ, ನೀಲಿಗೆ ತಲುಪುವುದಿಲ್ಲ. ಡ್ರ್ಯಾಗನ್ ಫ್ರೂಟ್, ಕಾಗದದ ಹೂ, ರಾಜಗಿರಿ ಸೊಪ್ಪಿನ ಕೆಂಪು ಕೂಡ ಇದೇ ವಂಶದ್ದು. ನೀಲಿ ಬೋಗನ್‌ವಿಲ್ಲಾ ಮಾರುವವರನ್ನೂ ಇದೇ ಕಾರಣಕ್ಕೆ ನಂಬಬೇಡಿ.

ಹುಳ, ಹುಪ್ಪಟೆ

ಕಾಟ ಕಡಿಮೆ. ಎಲೆ ಸಂದಿಯಲ್ಲಿ ಹತ್ತಿಯಂತೆ ಬಿಳಿ ಕಂಡರೆ ಹಿಟ್ಟು ತಿಗಣೆ. ಆ ಕಡ್ಡಿಯನ್ನೇ ಕತ್ತರಿಸಿ, ಉಳಿದದ್ದಕ್ಕೆ ಒಂದು ಲೀಟರ್ ನೀರಿಗೆ ಒಂದು ಚಮಚ ಬೇವಿನೆಣ್ಣೆ, ನಾಲ್ಕು ಹನಿ ಸೋಪು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿ. ರಾತ್ರೋರಾತ್ರಿ ಬೋಳಾಗಿದ್ದರೆ ಬಸವನಹುಳುವಿನ ಕೆಲಸ, ಟಾರ್ಚ್ ಹಿಡಿದು ಹೋಗಿ ಆರಿಸಿ.

ಮೈಮೇಲೆ ಕವಲೊಡೆದ ಮುಳ್ಳುಗಳಿರುವ ಕಪ್ಪು ಕಂಬಳಿಹುಳದಂಥದ್ದು ಎಲೆ ಮೇಯುತ್ತಿದ್ದರೆ ಮಾತ್ರ ಬೇವಿನೆಣ್ಣೆ ಕೆಳಗಿಡಿ. ಅದು ಡನೈಡ್ ಎಗ್‌ಫ್ಲೈ ಎಂಬ ಚಿಟ್ಟೆಯ ಮರಿಯಿರಬಹುದು. ಇದರ ಮರಿಗಳಿಗೆ ಪೋರ್ಚುಲಕಾ ಜಾತಿಯ ಗಿಡಗಳೇ ಊಟ. ಗಂಡು ಚಿಟ್ಟೆ ಕಪ್ಪು, ರೆಕ್ಕೆಯ ಮೇಲೆ ನೇರಳೆ ಅಂಚಿನ ಬಿಳಿ ಬೊಟ್ಟು. ಹೆಣ್ಣು ಬೇರೆಯೇ ವೇಷದ್ದು. ಹಕ್ಕಿಗಳು ಮುಟ್ಟದ ಪ್ಲೇನ್ ಟೈಗರ್ ಚಿಟ್ಟೆಯನ್ನು ಹಾಗೇ ನಕಲು ಮಾಡಿರುತ್ತದೆ. ನಾಲ್ಕು ಕಡ್ಡಿ ತಿಂದುಕೊಳ್ಳಲಿ ಬಿಡಿ, ಮತ್ತೆ ಚಿಗುರುತ್ತದೆ.

ಹೂ ಅರಳಿದಾಗ ಮಕ್ಕಳನ್ನು ಕರೆದು ಒಂದು ಆಟ ತೋರಿಸಿ. ಕಡ್ಡಿಯ ತುದಿಯಿಂದ ನಡುವಿನ ಹಳದಿ ಕೇಸರಗಳನ್ನು ಒಂದು ಬದಿಯಿಂದ ಮೆಲ್ಲಗೆ ಮುಟ್ಟಿ. ಕೆಲವೇ ಕ್ಷಣದಲ್ಲಿ ಅವು ಮುಟ್ಟಿದ ಕಡೆಗೇ ಬಾಗುತ್ತವೆ. ಜೇನುಹುಳದ ಮೈಗೆ ಪರಾಗ ಬಳಿಯಲು ಗಿಡ ಮಾಡಿಕೊಂಡ ಉಪಾಯ.

ಮಳೆಗಾಲ ಬಂದಾಗ

ಚಳ್ಳಕೆರೆಯಂಥ ಊರಿನಲ್ಲಿ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಆಗುಂಬೆಯಲ್ಲಿ 7,000 ದಾಟುತ್ತದೆ. ಒಂದೇ ಫಾರ್ವರ್ಡ್ ಎರಡೂ ಊರಿಗೆ ಹೋಗುತ್ತದೆ, ಗಿಡಕ್ಕೆ ಮಾತ್ರ ಎರಡೂ ಒಂದೇ ಅಲ್ಲ. ಬಯಲುಸೀಮೆಯವರು ಪಾತಿಯನ್ನು ಇಳಿಜಾರು ಮಾಡಿ ಬಿಟ್ಟರೆ ಮಳೆಗಾಲ ತಾನಾಗಿ ದಾಟುತ್ತದೆ. ಮಲೆನಾಡು, ಕರಾವಳಿಯವರು ಇದನ್ನು ನವೆಂಬರ್‌ನಿಂದ ಮೇವರೆಗಿನ ಗಿಡ ಎಂದುಕೊಳ್ಳುವುದೇ ಒಳ್ಳೆಯದು. ಮೇ ಕೊನೆಯಲ್ಲಿ ಪ್ರತಿ ಬಣ್ಣದ ಹತ್ತು ತುದಿ ಕತ್ತರಿಸಿ, ಮರಳು ಹೆಚ್ಚಿರುವ ಎರಡು ಕುಂಡದಲ್ಲಿ ನೆಟ್ಟು, ಸೂರಿನಡಿ ಬೆಳಕು ಬರುವಲ್ಲಿ ಇಡಿ. ವಾರಕ್ಕೊಮ್ಮೆ ಒಂದು ಲೋಟ ನೀರು ಸಾಕು. ಹೂ ಬಿಡುವುದಿಲ್ಲ, ಉದ್ದುದ್ದ ಬೆಳೆದು ಬಳುಕುತ್ತದೆ, ನೋಡಲು ಚೆನ್ನಾಗಿರುವುದಿಲ್ಲ. ದೀಪಾವಳಿ ಕಳೆದು ಬಿಸಿಲು ಹತ್ತಿದ ಮೇಲೆ ಅದೇ ಬಳುಕಿದ ಕಡ್ಡಿಗಳನ್ನು ಚಿವುಟಿ ಮತ್ತೆ ಪಾತಿಗೆ ಚುಚ್ಚಿ.

ಬಯಲುಸೀಮೆಯಲ್ಲೂ ಒಂದೇ ಗಿಡ ವರ್ಷಾನುಗಟ್ಟಲೆ ಅಂದವಾಗಿರುವುದಿಲ್ಲ. ವರ್ಷ ಕಳೆದಂತೆ ನಡುವಿನ ಕಾಂಡ ಕಟ್ಟಿಗೆಯಂತಾಗಿ, ಬುಡ ಬೋಳಾಗಿ, ಹೂ ತುದಿಗೆ ಮಾತ್ರ ಸೀಮಿತವಾಗುತ್ತದೆ. ಆಗ ಅರ್ಧಕ್ಕೆ ಕತ್ತರಿಸಿ, ಕತ್ತರಿಸಿದ ತುದಿಗಳನ್ನು ಬೋಳಾದ ಜಾಗಕ್ಕೇ ನೆಡಿ. ಉಳಿದದ್ದನ್ನು ಕಸಕ್ಕೆ ಹಾಕುವ ಬದಲು ಒದ್ದೆ ಬಟ್ಟೆಯಲ್ಲಿ ಸುತ್ತಬೇಡಿ, ಹಳೆಯ ಪೇಪರಿನಲ್ಲಿ ಸಡಿಲವಾಗಿ ಸುತ್ತಿ ಕೇಳಿದವರಿಗೆ ಕೊಡಿ. ಎರಡು ಮೂರು ದಿನ ಪ್ರಯಾಣ ಮಾಡಿದರೂ ಅವು ಬಾಡುವುದಿಲ್ಲ.